ವಿಧಿಗೆ ಅಂಜದ ಬಾಳು

ಬಾಳಿನಲ್ಲಿ ಬಿಸಿಲೂ ಉಂಟು, ಮಳೆಯೂ ಉಂಟು. ಸುಖಕ್ಕೆ ಹಿಗ್ಗದೆ, ಕಷ್ಟಕ್ಕೆ ಕುಗ್ಗದೆ ನಡೆಯುವವನೇ ಧೀರ. ಆದರೆ ಹಣೆಬರಹವೆಂದು ಕೈಕಟ್ಟಿ ಕೂರುವುದು ಸಹನೆಯಲ್ಲ. ಅದು ಆಲಸ್ಯಕ್ಕೆ ಸಹನೆಯ ಹೆಸರಿಟ್ಟಂತೆ.

ಸುಳ್ಯ ತಾಲ್ಲೂಕಿನ ಸಂಪಾಜೆ, ಅರಂತೋಡು ಭಾಗದ ಅಡಿಕೆ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ಕಾಡುತ್ತಿದೆ. ಪೂರ್ಣ ಗುಣಪಡಿಸುವ ಮದ್ದು ಇನ್ನೂ ದೊರೆತಿಲ್ಲ. ಮಗುವಿನಂತೆ ಸಾಕಿದ ಮರ ಕಣ್ಣೆದುರೇ ಸೊರಗುವಾಗ ರೈತನ ಕರುಳು ಹಿಂಡುತ್ತದೆ. ಅವನಿಗೆ ಪೂರ್ವಜನ್ಮದ ಪಾಪವೆಂದು ಹೇಳುವುದು ಧರ್ಮವಲ್ಲ. ರೋಗ ಬರುವುದು ನಮ್ಮ ಕೈಯಲ್ಲಿಲ್ಲ. ಬಂದ ಮೇಲೆ ಏನು ಮಾಡಬೇಕೆಂಬುದು ನಮ್ಮ ಕೈಯಲ್ಲಿದೆ. ಅಲ್ಲಿಯ ಹಲವರು ರಬ್ಬರ್, ಕಾಫಿ, ತಾಳೆಯತ್ತ ಹೊರಳಿ ಮತ್ತೆ ಮಣ್ಣಿಗಿಳಿದಿದ್ದಾರೆ. ಇದೇ ನಿಜವಾದ ಸಹನೆ.

ಈ ಸೀಮೆಗೆ ಇದು ಹೊಸತಲ್ಲ. 1970ರ ದಶಕದ ಆರಂಭದಲ್ಲಿ ಅಡಿಕೆ ಬೆಲೆ ಕುಸಿದಾಗ ಬೆಳೆಗಾರರು ವಿಧಿಯನ್ನು ಶಪಿಸುತ್ತ ಕೂರಲಿಲ್ಲ. ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ 1973ರಲ್ಲಿ ಕ್ಯಾಂಪ್ಕೊ ಕಟ್ಟಿದರು. ಮುಂದೆ ಕೋಕೋ ಕೊಳ್ಳುವವರಿಲ್ಲದಾಗ ಅದನ್ನೂ ಕೊಂಡು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆದರು. ಒಬ್ಬನಿಗೆ ಹೊರಲಾಗದ ಹೊರೆ ಹತ್ತು ಹೆಗಲಿಗೆ ಹಗುರವಾಯಿತು.

ಶರಣರು ಕಾಯಕದೊಡನೆ ದಾಸೋಹವನ್ನೂ ಬೋಧಿಸಿದ್ದು ಇದಕ್ಕಾಗಿಯೇ. ಕಾಯಕ ತನ್ನ ಎದೆಗೆ ಧೈರ್ಯ. ದಾಸೋಹ ನೆರೆಯವನ ಎದೆಗೆ ಧೈರ್ಯ. ಪುತ್ತೂರು, ಸುಳ್ಯ, ಕಡಬದ ಸದ್ಭಕ್ತರಲ್ಲಿ ತೋಟ ಉಳಿದವರು ತೋಟ ಕಳೆದುಕೊಂಡವರ ಮನೆಗೆ ಹೋಗಬೇಕು. ಹೋಗುವಾಗ ಉಪದೇಶ ಬೇಡ. ನಾಲ್ಕು ಗಿಡ, ಒಂದು ದಿನದ ದುಡಿಮೆ ಕೊಂಡೊಯ್ಯಿರಿ. ಶಿವನು ಮೆಚ್ಚುವ ಪೂಜೆ ಅದೇ.