ಗ್ರೀಸಿನ ದರ ಮತ್ತು ಯಂತ್ರದ ಸವೆತ

ಕಾರ್ಖಾನೆಗಳ ಲೆಕ್ಕಪುಸ್ತಕಗಳಲ್ಲಿ ಗ್ರೀಸಿನ ವೆಚ್ಚವು ‘ಬಳಕೆ ಸಾಮಗ್ರಿ’ ಎಂಬ ಶೀರ್ಷಿಕೆಯಡಿ ಬರುತ್ತದೆ. ಸವೆದ ಪಿನ್, ಬುಷ್, ಬೇರಿಂಗುಗಳ ವೆಚ್ಚವು ‘ದುರಸ್ತಿ ಮತ್ತು ನಿರ್ವಹಣೆ’ಗೆ ಸೇರುತ್ತದೆ. ಯಂತ್ರ ನಿಂತ ದಿನದ ನಷ್ಟಕ್ಕಾದರೋ ಬಹುತೇಕ ಕಡೆ ಯಾವ ಶೀರ್ಷಿಕೆಯೂ ಇಲ್ಲ. ಆದಕಾರಣ ಕಿಲೋ ಒಂದಕ್ಕೆ ಅತಿ ಕಡಿಮೆ ದರದ ಗ್ರೀಸನ್ನು ಕೊಂಡ ಖರೀದಿ ವಿಭಾಗವು ಉಳಿತಾಯ ಮಾಡಿದಂತೆ ಕಾಣುತ್ತದೆ. ಹೊರೆ ಮಾತ್ರ ಬೇರೊಂದು ವಿಭಾಗದ ತಲೆಯ ಮೇಲೆ ಬೀಳುತ್ತದೆ.

ಕಲ್ಲುಗಣಿಯ ಎಕ್ಸ್‌ಕವೇಟರನ್ನೇ ಗಮನಿಸಬಹುದು. ಅದರ ತೋಳಿನ ಕೀಲು ಪೂರ್ಣ ಸುತ್ತು ತಿರುಗುವುದಿಲ್ಲ. ಅಲ್ಪ ಕೋನದಲ್ಲಿ ಹಿಂದೆ ಮುಂದೆ ಆಡುತ್ತದೆ. ವೇಗ ಕಡಿಮೆ, ಭಾರ ಅಧಿಕ, ಮೇಲಾಗಿ ಪದೇ ಪದೇ ಬಡಿತ. ಇಂತಹ ಸ್ಥಳದಲ್ಲಿ ಎಣ್ಣೆಯ ಪದರ ನಿಲ್ಲದೆ ಲೋಹಕ್ಕೆ ಲೋಹ ಉಜ್ಜುತ್ತದೆ. ಮಾಲಿಬ್ಡಿನಂ ಡೈಸಲ್ಫೈಡಿನ ಕಣಗಳು ಇಸ್ಪೀಟೆಲೆಗಳ ಕಟ್ಟಿನಂತೆ ಪದರ ಪದರವಾಗಿದ್ದು, ಸುಲಭವಾಗಿ ಒಂದರ ಮೇಲೊಂದು ಜಾರುತ್ತವೆ. ಎಣ್ಣೆ ಹಿಂಡಿಹೋದ ಮೇಲೂ ಅವು ಲೋಹಕ್ಕೆ ಅಂಟಿಕೊಂಡು ಕಾಪಾಡುತ್ತವೆ. ಆದ್ದರಿಂದಲೇ ಇಂತಹ ಕೀಲುಗಳಿಗೆ ಶೇ. 3ರಿಂದ 5ರಷ್ಟು ಈ ವಸ್ತುವನ್ನೊಳಗೊಂಡ ಗ್ರೀಸನ್ನು ಬಳಸುವ ಸೂಚನೆ ತಯಾರಕರ ಕೈಪಿಡಿಗಳಲ್ಲಿ ಸಾಮಾನ್ಯವಾಗಿದೆ. ಅದಕ್ಕಿಂತ ಅಗ್ಗವಾದ ಗ್ರಾಫೈಟ್, ಸಿಮೆಂಟ್ ಗೂಡುಗಳ ತೆರೆದ ಹಲ್ಲುಚಕ್ರಗಳಂತಹ ನಿಧಾನಗತಿಯ ಭಾರಿ ಭಾಗಗಳಲ್ಲಿ ಬಳಕೆಯಲ್ಲಿದೆ.

ಹಾಗೆಂದು ದುಬಾರಿಯಾದುದನ್ನು ಎಲ್ಲೆಡೆ ತುಂಬುವುದೂ ಅವಿವೇಕವೇ. ವೇಗವಾಗಿ ತಿರುಗುವ ವಿದ್ಯುತ್ ಮೋಟಾರಿನ ಬೇರಿಂಗಿಗೆ ಈ ಗ್ರೀಸ್ ತಕ್ಕುದಲ್ಲ. ಅಲ್ಲಿ ಎಣ್ಣೆಯ ಪದರವೇ ಸಾಕು, ಘನಕಣಗಳು ಬೇಡ. ಇಡೀ ಕಾರ್ಖಾನೆಗೆ ಒಂದೇ ಡ್ರಮ್ಮು ಎಂಬ ಪದ್ಧತಿ ಸ್ಟೋರ್ಸಿಗೆ ಅನುಕೂಲವೇ ಹೊರತು ಯಂತ್ರಕ್ಕಲ್ಲ. ಕಪ್ಪು ಬಣ್ಣವನ್ನು ನೋಡಿ ನಂಬುವಂತೆಯೂ ಇಲ್ಲ, ಗ್ರಾಫೈಟೂ ಕಪ್ಪೇ. ಘನವಸ್ತುವಿನ ಶೇಕಡಾ ಪ್ರಮಾಣ, ಮೂಲ ತೈಲದ ಸ್ನಿಗ್ಧತೆ, ಗಟ್ಟಿಗೊಳಿಸಲು ಬಳಸಿದ ವಸ್ತು ಯಾವುದು, ವೆಲ್ಡ್ ಲೋಡ್ ಪರೀಕ್ಷೆಯ ಅಂಕಿ ಎಷ್ಟು ಎಂಬುದನ್ನು ಸರಬರಾಜುದಾರರಿಂದ ಲಿಖಿತವಾಗಿ ಪಡೆಯದೆ ದರಪಟ್ಟಿಗಳನ್ನು ಹೋಲಿಸುವುದು ಅರ್ಥಹೀನ. ಲಿಥಿಯಂ ಗ್ರೀಸ್ ಇರುವ ಕೀಲಿಗೆ ಬೆಂಟೊನೈಟ್ ಜೇಡಿಯ ಗ್ರೀಸನ್ನು ಬೆರೆಸಿದರೆ ಮಿಶ್ರಣವು ಮೆತ್ತಗಾಗಿ ಸೋರಿಹೋಗುವ ಸಂಭವವಿದೆ. ಸರಬರಾಜುದಾರರನ್ನು ವರ್ಷಕ್ಕೊಮ್ಮೆ ಬದಲಿಸುವ ಘಟಕಗಳು ಇದನ್ನು ಮರೆಯುವುದೇ ಹೆಚ್ಚು.

ವೆಚ್ಚದ ನಿಜವಾದ ಲೆಕ್ಕವನ್ನು ಯಂತ್ರವಾರು ಇಡಬೇಕಾಗುತ್ತದೆ: ತಿಂಗಳಲ್ಲಿ ಹಾಕಿದ ಗ್ರೀಸ್ ಎಷ್ಟು ಕಿಲೋ, ಬದಲಿಸಿದ ಬುಷ್ ಎಷ್ಟು, ಯಂತ್ರ ನಿಂತದ್ದು ಎಷ್ಟು ಗಂಟೆ. ಇದಕ್ಕೆ ಹೊಸ ತಂತ್ರಾಂಶವೇನೂ ಬೇಕಿಲ್ಲ. ಸ್ಟೋರ್ಸ್ ರಿಜಿಸ್ಟರಿನಲ್ಲಿ ಯಂತ್ರದ ಸಂಖ್ಯೆಗೊಂದು ಅಂಕಣ ಎಳೆದರೆ ಈ ತಿಂಗಳಿಂದಲೇ ಆರಂಭಿಸಬಹುದು.