ರಾಮ್ ಸಿಂಗ್‌ಗೆ ಸುಳ್ಳು ಕಿರೀಟ ಬೇಡ

ಮೊನ್ನೆ ರಾಣೆಬೆನ್ನೂರಿನ ಕಾಕಾ ವಾಟ್ಸಾಪಿನಲ್ಲಿ ಒಂದು ಮೆಸೇಜು ಕಳಿಸಿದ್ರು. ಜನಗಣಮನಕ್ಕೆ ರಾಗ ಹಾಕಿದ್ದು ಟ್ಯಾಗೋರರಲ್ಲವಂತೆ, ಆಜಾದ್ ಹಿಂದ್ ಫೌಜಿನ ಕ್ಯಾಪ್ಟನ್ ರಾಮ್ ಸಿಂಗ್ ಠಾಕೂರಿ ಅಂತೆ! "ಇದನ್ನ ಮುಚ್ಚಿಟ್ಟಾರಲೇ ತಮ್ಮಾ, ಹತ್ತು ಮಂದಿಗೆ ಕಳಸು" ಅಂತ ಅಪ್ಪಣೆ ಬೇರೆ. ಅರ್ಧ ಗಂಟೆಯಲ್ಲಿ ಅದೇ ಮೆಸೇಜು ಬ್ಯಾಡಗಿಯ ಗೆಳೆಯನಿಂದಲೂ ಬಂತು.

ಸ್ವಲ್ಪ ಲೆಕ್ಕ ಹಾಕೋಣ. ಆ ಹಾಡನ್ನು ಮೊದಲು ಹಾಡಿದ್ದು 1911ರ ಡಿಸೆಂಬರ್ 27ರಂದು, ಕಲ್ಕತ್ತಾ ಕಾಂಗ್ರೆಸ್ ಅಧಿವೇಶನದಲ್ಲಿ. ರಾಮ್ ಸಿಂಗ್ ಹುಟ್ಟಿದ್ದೇ 1914ರಲ್ಲಿ. "ಆಗ ರಾಗ ಬೇರೆ ಇತ್ತು" ಅಂತೀರಾ? 1919ರಲ್ಲಿ ಮದನಪಲ್ಲಿಯಲ್ಲಿ ಟ್ಯಾಗೋರರು ಉಳಿದಿದ್ದಾಗ ಮಾರ್ಗರೆಟ್ ಕಸಿನ್ಸ್ ಆ ರಾಗಕ್ಕೆ ಸ್ವರಲಿಪಿ ಬರೆದರು. ನಮ್ಮ ಕ್ಯಾಪ್ಟನ್ನರಿಗೆ ಆಗ ಐದು ವರ್ಷವೂ ತುಂಬಿರಲಿಲ್ಲ.

ಹಾಗಾದರೆ ಅವರು ಮಾಡಿದ್ದೇನು? ಬ್ರಿಟಿಷರ ಗೂರ್ಖಾ ಪಡೆಯಲ್ಲಿದ್ದವರು, ಎರಡನೇ ಮಹಾಯುದ್ಧದಲ್ಲಿ ಜಪಾನೀಯರಿಗೆ ಸೆರೆಸಿಕ್ಕು ಮುಂದೆ ಸುಭಾಷರ ಸೈನ್ಯ ಸೇರಿದರು. ಆಜಾದ್ ಹಿಂದ್ ಸರ್ಕಾರದ 'ಶುಭ ಸುಖ ಚೈನ್' ಗೀತೆಯನ್ನು ವಾದ್ಯಕ್ಕೆ ಹೊಂದಿಸಿದರು. ಅದರ ಧಾಟಿ ಟ್ಯಾಗೋರರ ಹಾಡಿನದೇ, ಗೊಂದಲ ಹುಟ್ಟಿದ್ದು ಅಲ್ಲಿಂದ. ಆದರೆ 'ಕದಮ್ ಕದಮ್ ಬಢಾಯೇ ಜಾ' ಇದೆಯಲ್ಲ, ವಂಶೀಧರ ಶುಕ್ಲರ ಆ ಸಾಲುಗಳಿಗೆ ರಾಗ ಹಾಕಿದವರು ಇವರೇ! ಇವತ್ತಿಗೂ ನಮ್ಮ ಸೈನ್ಯ ಆ ತಾಳಕ್ಕೆ ಹೆಜ್ಜೆ ಹಾಕುತ್ತೆ. ಆಗಸ್ಟ್ ಹದಿನೈದಕ್ಕೆ ಪ್ರಭಾತಫೇರಿಯಲ್ಲಿ ಗಂಟಲು ಹರಿಯೋ ಹಾಗೆ ನಾವೂ ಹಾಡಿದ್ದೇವೆ. ಯಾರದು ಅಂತ ಪೀಟಿ ಮಾಸ್ತರು ಹೇಳಲಿಲ್ಲ, ನಾವು ಕೇಳಲೂ ಇಲ್ಲ. ಯಾವುದೋ ಸಿನಿಮಾದ್ದು ಅಂದುಕೊಂಡಿದ್ದೆ ನಾನು :-)

ನನ್ನ ಸಿಟ್ಟು ಇದಕ್ಕೇ. ಅವರ ಸ್ವಂತದ್ದನ್ನು ಕೊಡಲಿಲ್ಲ, ಇನ್ನೊಬ್ಬರದ್ದನ್ನು ತಂದು ತಲೆಗೆ ಕಟ್ಟುತ್ತಿದ್ದೇವೆ. ನಾಳೆ ಸುಳ್ಳು ಬಯಲಾದಾಗ ನಗೆಪಾಟಲಾಗೋದು ಮೆಸೇಜು ಕಳಿಸಿದವರಲ್ಲ, 2002ರಲ್ಲಿ ತೀರಿಕೊಂಡ ಆ ಮನುಷ್ಯ.

ನಮ್ಮ ಹಾವೇರಿ ರೈಲು ನಿಲ್ದಾಣಕ್ಕೆ ಮೈಲಾರ ಮಹಾದೇವಪ್ಪನವರ ಹೆಸರಿದೆ. ದಾಂಡಿ ಯಾತ್ರೆಯಲ್ಲಿ ನಡೆದರು, 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಎದೆಯೊಡ್ಡಿದರು. ಅಷ್ಟೇ ಸಾಕು, ಅದಕ್ಕೆ ಒಗ್ಗರಣೆ ಬೇಕಿಲ್ಲ. ರಾಮ್ ಸಿಂಗ್‌ಗೂ ಬೇಕಿಲ್ಲ. ಮುಂದಿನ ಪ್ರಭಾತಫೇರಿಯಲ್ಲಿ ಹಾಡಿದ ಮೇಲೆ ಅವರ ಹೆಸರು ಹೇಳಿ, ಸಾಕು.

ಇಷ್ಟನ್ನೂ ಕಾಕಾಗೆ ಬರೆದೆ. "ಭಾಳ ಶಾಣ್ಯಾ ಆಗೀ ಬಿಡು" ಅಂತ ಉತ್ತರ ಬಂತು. ನೀವೇನಂತೀರಿ?