ಎಡವಲು ಬಿಡದ ಭಯ

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಮನೆ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿತ್ತು. ರಾತ್ರಿ ಬಂದು ಕದ ತಟ್ಟುವ ದೆವ್ವ ಅದನ್ನು ಓದಿಕೊಂಡು ವಾಪಸ್ಸು ಹೋಗುತ್ತದೆಂಬ ನಂಬಿಕೆ. ಬರಹಕ್ಕೆ ಅಷ್ಟು ಶಕ್ತಿಯಿದೆಯೆಂದು ಒಪ್ಪಿಕೊಂಡ ಊರಿನಲ್ಲಿ ‘ಆಲನ್ ವೇಕ್ 2’ ಯಾರಿಗೂ ಹೊಸದೆನಿಸಬಾರದು. ಫಿನ್ಲೆಂಡಿನ ರೆಮಿಡಿ ಸಂಸ್ಥೆ 2023ರ ಅಕ್ಟೋಬರಿನಲ್ಲಿ ತಂದ ಈ ವಿಡಿಯೊ ಗೇಮಿನಲ್ಲಿ ಆಲನ್ ಎಂಬ ಕಾದಂಬರಿಕಾರ ಬರೆದದ್ದೆಲ್ಲ ನಿಜವಾಗಿ ಅವನನ್ನೇ ಅಟ್ಟಿಸಿಕೊಂಡು ಬರುತ್ತದೆ.

ಕಥೆ ಜಾಸ್ತಿಯಾದರೆ ಹೆದರಿಕೆ ಕಮ್ಮಿಯಾಗುತ್ತದೆ ಎಂಬ ದೂರು ಹಾರರ್ ಆಟಗಳ ಮೇಲೆ ಮೊದಲಿನಿಂದಲೂ ಇದೆ. ನಾನು ಅದನ್ನು ಒಪ್ಪುವುದಿಲ್ಲ. ಆಡುವವನಿಗೆ ತಪ್ಪು ಮಾಡಲು ಜಾಗ ಬಿಟ್ಟ ಕಥೆ ಎಷ್ಟು ಉದ್ದವಿದ್ದರೂ ಹೆದರಿಸುತ್ತದೆ.

ಆಲನ್ ಸಿಕ್ಕಿಬಿದ್ದಿರುವ ಕತ್ತಲಿನ ನ್ಯೂಯಾರ್ಕ್ ನೋಡಿ. ಬೀದಿಯುದ್ದಕ್ಕೂ ನೆರಳುಗಳು ಅವನ ಹೆಸರನ್ನು ಗೊಣಗುತ್ತ ನಿಂತಿರುತ್ತವೆ. ಹೆಚ್ಚಿನವು ಏನೂ ಮಾಡುವುದಿಲ್ಲ. ಯಾವುದೋ ಒಂದು ಮೈಮೇಲೆ ಬೀಳುತ್ತದೆ. ಯಾವುದೆಂದು ತಿಳಿಯಲು ಟಾರ್ಚ್ ಬಿಡಬೇಕು, ಬಿಟ್ಟರೆ ಬ್ಯಾಟರಿ ಖರ್ಚು. ಬಿಡದೆ ನುಸುಳಿದರೆ ಜೀವದ ಆಸೆ ಬಿಡಬೇಕು. ತನ್ನ ಬುದ್ಧಿಯನ್ನೇ ನಂಬಲಾರದ ಲೇಖಕನ ಪಾಡು ಇಲ್ಲಿ ಒಂದೂ ಮಾತಿಲ್ಲದೆ ನಮ್ಮ ಕೈಗೆ ದಾಟುತ್ತದೆ. ಅವನು ಕಥೆ ಹೆಣೆಯುವ ಫಲಕದಲ್ಲಿ ಒಂದು ಎಳೆ ಬದಲಿಸಿದರೆ ಎದುರಿನ ಸುರಂಗ ರೈಲು ನಿಲ್ದಾಣವೇ ಬೇರೆಯಾಗಿಬಿಡುತ್ತದೆ.

ಆಟದ ಇನ್ನರ್ಧ ಎಫ್‌ಬಿಐ ಅಧಿಕಾರಿ ಸಾಗಾ ಆಂಡರ್ಸನ್‌ಳದು. ಸಿಕ್ಕ ಫೋಟೊ, ಚೀಟಿಗಳನ್ನು ಗೋಡೆಗೆ ಅಂಟಿಸಿ ಅವಳು ಕೇಸು ಬಿಡಿಸಬೇಕು. ತಪ್ಪು ಜಾಗದಲ್ಲಿಟ್ಟರೆ ಗೋಡೆ ಒಪ್ಪುವುದಿಲ್ಲ, ಅಷ್ಟೇ. ಅಲ್ಲಿಡಿ, ಇಲ್ಲಿಡಿ, ಎಲ್ಲೋ ಒಂದು ಕಡೆ ಕೂರುತ್ತದೆ. ಉತ್ತರ ಹೇಳಿಕೊಟ್ಟು ಬರೆಸುವ ಪರೀಕ್ಷೆಯಲ್ಲಿ ಫೇಲಾಗುವ ದಿಗಿಲು ಎಲ್ಲಿಂದ ಬರಬೇಕು? ಆ ಕೊರತೆ ತುಂಬಲೆಂಬಂತೆ ಪರದೆ ತುಂಬ ಒಂದು ಮುಖ ಚೀರುತ್ತ ಮತ್ತೆಮತ್ತೆ ಮಿಂಚಿ ಮರೆಯಾಗುತ್ತದೆ. ಅದರ ಅಬ್ಬರ ತಗ್ಗಿಸಿಕೊಳ್ಳುವ ಆಯ್ಕೆಯನ್ನು ತಯಾರಕರೇ ಆಮೇಲೆ ಕೊಟ್ಟರು.

ಮುಂದುವರಿದ ಭಾಗವಾಗಿಯೂ ಇದು ಸಲೀಸಲ್ಲ. ‘ಆಪ್ತಮಿತ್ರ’ (2004) ನೋಡದವರೂ ‘ಆಪ್ತರಕ್ಷಕ’ (2010) ಸಿನಿಮಾಕ್ಕೆ ಹೋಗಿ ಕೂರಬಹುದಿತ್ತು. ಇಲ್ಲಿ 2010ರ ಮೊದಲ ಭಾಗ ಮಾತ್ರ ಸಾಲದು, ಅದೇ ಸಂಸ್ಥೆಯ ‘ಕಂಟ್ರೋಲ್’ (2019) ಕೂಡ ಗೊತ್ತಿದ್ದರೆ ವಾಸಿ. ಆಟ ಮೊದಲು ಡೌನ್‌ಲೋಡ್ ರೂಪದಲ್ಲಷ್ಟೇ ಸಿಗುತ್ತಿತ್ತು, ಡಿಸ್ಕ್ ಬಂದದ್ದು 2024ರಲ್ಲಿ. ಅಲ್ಲಿಯವರೆಗೆ ಗೆಳೆಯರಲ್ಲಿ ಅದಲುಬದಲು ಮಾಡಿಕೊಂಡು ಆಡುವ ಬೆಂಗಳೂರಿನ ಬಸವೇಶ್ವರನಗರದ ಹುಡುಗರಿಗೆ ದಾರಿಯೇ ಇರಲಿಲ್ಲ. ಪಿಸಿಯಲ್ಲಾದರೆ 90 ಜಿಬಿ ಜಾಗ ಖಾಲಿ ಮಾಡಬೇಕು.

ನನ್ನ ವಾದಕ್ಕೆ ಬಗ್ಗದ ಅಧ್ಯಾಯವೂ ಒಂದಿದೆ. ಆಲನ್‌ನ ಬದುಕನ್ನೆಲ್ಲ ರಾಕ್ ಸಂಗೀತದಲ್ಲಿ ಹಾಡಿ ಕುಣಿಯುವ ‘ವಿ ಸಿಂಗ್’. ಅಲ್ಲಿ ನಾವು ಎಡವುವ ಸಂದರ್ಭ ಕಡಿಮೆ, ನಡೆಯುತ್ತ ನೋಡುವುದೇ ಹೆಚ್ಚು; ಆದರೂ ಇಡೀ ಆಟದಲ್ಲಿ ನನಗೆ ಅತಿ ಇಷ್ಟವಾದದ್ದು ಅದೇ. ಅದು ಹೆದರಿಸುವ ಗೊಡವೆಗೇ ಹೋಗುವುದಿಲ್ಲ.